ಶೆಟಗೇರಿಗೆ ಹೋದ ರಾಜಧಾನಿ

೧೯೯೭ರಲ್ಲಿ ನಾನು ಶಾಲೆ ಬಿಟ್ಟೆ, ಒಂಬತ್ತನೆಯ ತರಗತಿಯ ನಡುವೆ. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಬೆನ್ನು ಹಿಡಿದಿತ್ತು, ಮನೆಯಿಂದ ಒಬ್ಬರು ಬೋಟಿಗೆ ಹೋಗಲೇಬೇಕಿತ್ತು. ಬೈತಖೋಲ ಬಂದರಿನಲ್ಲಿ, ಆಳ ಕಡಲಿಗೆ ಹೋಗುವ ಒಂದು ಟ್ರಾಲರ್ ಬೋಟಿಗೆ ಅಡುಗೆಯವನಾಗಿ ಸೇರಿದೆ. ಅಕ್ಕಿ ತೊಳೆಯುವುದರಿಂದ ಸುರುಮಾಡಿ, ಬಲೆ ಎಳೆಯುವ ಖಲಾಸಿಯಾಗಿ, ಕೊನೆಗೆ ತಾಂಡೇಲನಾದೆ. ತಾಂಡೇಲನೆಂದರೆ ಬೋಟು ನಡೆಸುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಿ ಬರಬೇಕು ಎಂಬುದೆಲ್ಲ ಅವನ ಮಾತು. ಜಿಪಿಎಸ್ಸು, ನೀರಿನೊಳಗಿನ ಮೀನು ತೋರಿಸುವ ಯಂತ್ರ, ವಾಯರ್‌ಲೆಸ್ಸು ಎಲ್ಲವನ್ನೂ ಯಾರನ್ನೂ ಕೇಳದೆ ಕಲಿತೆ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ.

ಈಗ ಬರೆಯುತ್ತಿರುವುದು ಕಾರವಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಒಬ್ಬರ ಬಗ್ಗೆ. ಅವರು ತೀರಿಹೋಗಿ ಈ ಮಳೆಗಾಲಕ್ಕೆ ವರ್ಷವಾಗುತ್ತದೆ. ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾದರೆ ಅದನ್ನು ಯಾರಾದರೂ ಎಲ್ಲಾದರೂ ಹಾಕಿಕೊಂಡಾರು ಎಂದು ಅವರಿಗೇ ಹೆದರಿಕೆಯಿತ್ತು. ತಂಗಿಯ ಮಗಳ ಮದುವೆ ಕಾಗದದಲ್ಲೂ ತನ್ನ ಹೆಸರು ಹಾಕಿಸಿಕೊಳ್ಳದ ಮನುಷ್ಯ. ಹಿಂದೆ ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರಿಂದ ಎಲ್ಲರೂ ಮಾಸ್ತರ್ರು ಎನ್ನುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಕ್ಲಾಸಿಗೆ ಬರುವವರು ನಿಂತರು. ಝೆರಾಕ್ಸು, ಪ್ರಿಂಟು, ಸರಕಾರಿ ಅರ್ಜಿ ತುಂಬುವುದು ಇಷ್ಟು ಉಳಿಯಿತು. ಮಾಸ್ತರ್ರು ಎಂಬುದು ಮಾತ್ರ ಹಾಗೇ ಇತ್ತು.

ಅಷ್ಟು ಹೆದರುವ ಮನುಷ್ಯನನ್ನು ನಾನು ಕಡಲಲ್ಲೂ ಕಂಡಿಲ್ಲ, ನೆಲದಲ್ಲೂ ಕಂಡಿಲ್ಲ. ಅಂಕೋಲೆಯ ಹತ್ತಿರ ಶೆಟಗೇರಿಯಲ್ಲಿ ಮನೆ. ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಬರುತ್ತಿದ್ದರು. ಬರುವಾಗ ಬಲಕ್ಕೆ ಗುಡ್ಡ, ಎಡಕ್ಕೆ ಕಡಲು. ಗುಡ್ಡ ಮೈಮೇಲೆ ಬಂದೀತೆಂದು ಎಡಬದಿಗೆ ಕೂರುತ್ತಿದ್ದರು. ಕೂತ ಮೇಲೆ ಕಡಲು ಕಾಣುತ್ತದಲ್ಲ, ಅದಕ್ಕೂ ಹೆದರಿಕೆ. ಹಾಗಾಗಿ ಬಿಣಗಾ ದಾಟುವವರೆಗೆ ಬಸ್ಸಿನ ನೆಲ ನೋಡುತ್ತ ಬರುತ್ತಿದ್ದರು. ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಜಗ್ಗುತ್ತಿದ್ದರು. ಕೆಳಗಡೆಯ ಟೇಲರ್ ಹತ್ತಿರ ಒಂದು ಕೀಲಿ. ಟೇಲರ್ ಕಳೆದುಹಾಕಿದರೆ ಎಂದು ಎದುರಿನ ಹೊಟೇಲಿನಲ್ಲಿ ಇನ್ನೊಂದು. ಚೀಲದಲ್ಲಿ ಎರಡು ಕೊಡೆ. ಅಂಕೋಲೆಯ ಮನುಷ್ಯನಾಗಿ ತಾರ್ಲೆ ಮೀನು ತಿನ್ನುತ್ತಿರಲಿಲ್ಲ, ಮುಳ್ಳು ಸಿಕ್ಕೀತೆಂದು. ನಾನು ಒಮ್ಮೆ ಒಳ್ಳೆಯ ತಾರ್ಲೆ ಕೊಟ್ಟುಕಳಿಸಿದರೆ ಮರುದಿನ ಬಂದು, “ನಮ್ಮನೆಯವ್ಳು ತಿಂದ್ಳು. ನಾ ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ” ಎಂದರು.

ನಾನು ಅವರ ಅಂಗಡಿ ಮೆಟ್ಟಿಲು ಹತ್ತಿದ್ದು ಕೈಯಿಂದಾಗಿ. ಕೆಲವು ವರ್ಷಗಳ ಹಿಂದೆ, ಬೇಸಗೆಯ ಕೊನೆಗೆ, ಬಲೆ ಮೇಲೆತ್ತುವಾಗ, ಅದನ್ನು ಎಳೆಯುವ ವಿಂಚ್ ಯಂತ್ರದ ಹಗ್ಗದಡಿ ನನ್ನ ಬಲಗೈ ಸಿಕ್ಕಿತು. ತೋರುಬೆರಳು, ನಡುಬೆರಳು ಎರಡರ ಎಲುಬೂ ಚೂರಾಯಿತು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಎರಡೂ ಬೆರಳು ಒಣಗಿದ ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿದ್ದವು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಚುಕಿ ಎಂದಳು. ಮನೆಯಲ್ಲಿ ಕೂತು ಮಕ್ಕಳ ಚೆಂಡು ಹಿಚುಕುವುದು ನನ್ನಿಂದಾಗಲಿಲ್ಲ. ಮಗಳ ಆಟಿಕೆಗಳ ನಡುವೆ ಎಸೆದೆ.

ಆದರೆ ಹೊಟ್ಟೆಯಲ್ಲಿ ಬೆಂಕಿಯಿತ್ತು. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ನಮ್ಮ ಬೋಟು ಹೊರಡುತ್ತಿತ್ತು. ಕಾಯಿ ಬಿಡುವವನು ತಾಂಡೇಲನೇ, ಬಲಗೈಯಲ್ಲೇ, ಬೋಟಿನ ಮೂತಿಯಲ್ಲಿ ನಿಂತು. ಮಾಲಕರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಚಾ ಕುಡಿದು, ಏಳುವಾಗ ಹೇಳಿದರು, “ಹುಣ್ಣಿಮೆಗೆ ಕಾಯಿ ನೀನೇ ಬಿಡು ಮಾರಾಯಾ. ಕಾಯಿ ನಿಂತ ಕೈಲಿ ಚುಕ್ಕಾಣಿನೂ ನಿಲ್ತದೆ. ಇಲ್ದಿದ್ರೆ ನಾ ಖಲಾಸಿಗಳಿಗೆ ಎಂತ ಹೇಳ್ಲಿ?” ಒಳ್ಳೆಯ ಮಾತಿನಲ್ಲೇ ಹೇಳಿದರು. ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಒಂದು ಕಾಯಿ ಎತ್ತಿ ನೋಡಿದೆ. ಕೈಯಿಂದ ಜಾರಿ ಕಾಲ ಮೇಲೆ ಬಿತ್ತು.

ಆಸ್ಪತ್ರೆಯ ಕಾಗದ ಝೆರಾಕ್ಸ್ ಮಾಡಿಸಲು ಹೋದ ದಿನ ಮಾಸ್ತರ್ರು ಕಂಪ್ಯೂಟರ್ ಮುಂದೆ ಕೂತಿದ್ದರು. ಪರದೆಯ ತುಂಬ ನೀಲಿ, ನಡುವೆ ಹಸಿರು ನೆಲ, ಸುತ್ತ ಕಪ್ಪು.

“ಇದು ಯಾವ ಕಡಲು ಮಾಸ್ತರ್ರೆ?”

“ಕಡಲಲ್ಲ ಮಾರಾಯಾ, ಆಟ.”

“ಈ ಕಪ್ಪು?”

“ಅಲ್ಲಿ ಇನ್ನೂ ಹೋಗಿಲ್ಲ. ಎಂತ ಅದೆ ಗೊತ್ತಿಲ್ಲ.” ಹೇಳುವಾಗ ಅವರ ಧ್ವನಿ ಸಣ್ಣಗಾಯಿತು, ಆ ಕಪ್ಪು ಅಂಗಡಿಯೊಳಗೇ ಇದ್ದ ಹಾಗೆ.

ಕಾಗದ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಆಟ ಹೀಗೆ: ನಿಮಗೆ ಒಂದಿಷ್ಟು ಜನ ಸಿಗುತ್ತಾರೆ. ಜಾಗ ನೋಡಿ ಊರು ಕಟ್ಟಬೇಕು. ಮೊದಲ ಊರೇ ರಾಜಧಾನಿ. ಬೆಳೆ ಬೆಳೆದು, ಹಡಗು ಕಟ್ಟಿ, ಸೈನ್ಯ ಮಾಡಿ, ಮತ್ತೆ ಊರು ಕಟ್ಟುತ್ತ ಹೋಗಬೇಕು. ಆಚೆ ಬೇರೆ ರಾಜರಿರುತ್ತಾರೆ, ಅವರನ್ನು ಕಂಪ್ಯೂಟರೇ ಆಡಿಸುತ್ತದೆ. ಸರದಿಯ ಮೇಲೆ ಆಟ. ಅವಸರವಿಲ್ಲ. ಒಂದೊಂದು ಆಟ ತಿಂಗಳುಗಟ್ಟಲೆ ನಡೆಯುತ್ತದೆ.

“ನೀ ಆಡು” ಎಂದು ಪಕ್ಕದ ಕಂಪ್ಯೂಟರ್ ಹಾಕಿಕೊಟ್ಟರು. ನಾನು ಮೌಸನ್ನು ಎಡಗೈಗೆ ತೆಗೆದುಕೊಂಡೆ. ಅವರು ಅದನ್ನೆತ್ತಿ ಬಲಕ್ಕೆ ಇಟ್ಟರು. ನಾನು ಎಡಕ್ಕೆ ತಂದೆ. ಅವರು ಮತ್ತೆ ಬಲಕ್ಕೆ ಇಟ್ಟರು. “ಕೇಬಲ್ ಗಿಡ್ಡ ಅದೆ” ಎಂದರು. ಕೇಬಲ್ ಗಿಡ್ಡವಿರಲಿಲ್ಲ. ಒತ್ತಲು ತೋರುಬೆರಳು ಬೇಕು. ಅದು ಒತ್ತುವುದಿಲ್ಲ. ಕೈ ಪೂರಾ ಎತ್ತಿ ಬೆರಳನ್ನು ಮೊಳೆಯ ಹಾಗೆ ಇಳಿಸುತ್ತಿದ್ದೆ. ಮಳೆ ಸುರಿಯುತ್ತಿತ್ತು, ಮನೆಯಲ್ಲಿ ಮಾಡಲು ಏನೂ ಇರಲಿಲ್ಲ. ದಿನಾ ಹೋಗತೊಡಗಿದೆ.

ನಾನು ರಾಜಧಾನಿ ಕಟ್ಟಿದ್ದು ನದಿ ಕಡಲಿಗೆ ಸೇರುವ ಬಾಯಿಯಲ್ಲಿ. ಇನ್ನೆಲ್ಲಿ ಕಟ್ಟಬೇಕು? ಬೈತಖೋಲ ಎಂದು ಹೆಸರಿಟ್ಟೆ. ನೀರಿನಾಚೆ ದೇವಬಾಗ. ಮೂರನೆಯದನ್ನು ಮಾಸ್ತರ್ರಿಗೆ ಖುಷಿಯಾಗಲೆಂದು ಒಳಗಡೆ, ಗುಡ್ಡಗಳ ನಡುವೆ, ಯಾವ ರಾಜನಿಗೂ ಬೇಡದ ಜಾಗದಲ್ಲಿ ಕಟ್ಟಿ ಶೆಟಗೇರಿ ಎಂದೆ. ಅವರು ಕನ್ನಡಕ ಏರಿಸಿ ನೋಡಿದರು.

“ನಮ್ಮೂರಲ್ಲಿ ಬರೀ ಆಡು ಕಾಣ್ತವಲ್ಲೋ.”

“ಸದ್ಯಕ್ಕೆ ಆಡೇ ಸಾಕು.”

ಅವರಿಗೆ ನೆಮ್ಮದಿಯಿಲ್ಲ. ನನ್ನ ಹಿಂದೆ ನಿಂತು ಪರದೆಯ ಮೂಲೆಗೆ ಬೆರಳು ತೋರಿಸುತ್ತಿದ್ದರು. “ಬೈತಖೋಲದ ಬೆನ್ನಿಗೆ ಗುಡ್ಡ ಅದೆ. ಅದ್ರಾಚೆ ಇನ್ನೂ ಕಪ್ಪೇ ಅದೆ. ಒಬ್ಬನ್ನಾದ್ರೂ ಕಳ್ಸಿ ನೋಡು.”

“ಗುಡ್ಡದಲ್ಲಿ ಎಂತ ಇರ್ತದೆ ಮಾಸ್ತರ್ರೆ, ಮಂಗ.”

ನನ್ನ ಕಣ್ಣೆಲ್ಲ ಕಡಲ ಮೇಲೆ. ಕಡಲಲ್ಲಿ ಬಂದವನನ್ನು ಮೈಲಿ ದೂರದಿಂದ ಗುರುತಿಸುತ್ತಿದ್ದೆ. ಹಡಗಿನ ಮೇಲೆ ಹಡಗು ಕಟ್ಟಿದೆ. ಸಾಕಷ್ಟಾಯಿತು ಎನಿಸಿದ ದಿನ, ಆಚೆ ದಡದ ರಾಜನ ಮೇಲೆ ಹೋಗಲು, ಇದ್ದ ಹಡಗಿಗೆಲ್ಲ ಇದ್ದ ಸೈನಿಕರನ್ನೆಲ್ಲ ಹತ್ತಿಸಿ ಒಂದೇ ಸರದಿಯಲ್ಲಿ ಹೊರಡಿಸಿಬಿಟ್ಟೆ. ಬೇರೆ ಕಡೆಯವರು ಹಾಗೆ ಮಾಡಲಿಕ್ಕಿಲ್ಲ. ನಮ್ಮಲ್ಲಿ ಹುಣ್ಣಿಮೆ ಕಳೆದ ಮೇಲೆ ಬಂದರಿನಲ್ಲಿ ಬೋಟು ನಿಂತರೆ ನಾಚಿಕೆ. ಎಂಜಿನ್ ಕೆಟ್ಟದ್ದು, ಇಲ್ಲವೇ ಮಾಲಕ ಕೆಟ್ಟದ್ದು.

“ಒಂದಾದ್ರೂ ಬಿಟ್ಟು ಹೋಗು” ಎಂದು ಮಾಸ್ತರ್ರು ಕೈ ಹಿಸುಕಿಕೊಂಡರು.

“ಬಂದರದಲ್ಲಿ ನಿಂತ ಬೋಟು ಮೀನು ತರ್ತದಾ?”

ನಾಲ್ಕೈದು ಸರದಿ ಕಳೆದಿರಬೇಕು. ನನ್ನ ಹಡಗುಗಳು ನಡುನೀರಿನಲ್ಲಿದ್ದವು. ಗುಡ್ಡದ ಕಪ್ಪಿನೊಳಗಿಂದ ಕುದುರೆಯವರು ಇಳಿದರು. ಕೆಂಪು ಬಾವುಟ. ಆ ರಾಜ ಅಲ್ಲಿದ್ದಾನೆಂದೇ ನನಗೆ ಗೊತ್ತಿರಲಿಲ್ಲ. ಬೈತಖೋಲದಲ್ಲಿ ಬಾಗಿಲು ಹಾಕಲೂ ಜನವಿರಲಿಲ್ಲ. ಡೋಲಿನ ಸದ್ದಾಯಿತು, ನೀಲಿಯಿದ್ದ ಊರು ಕೆಂಪಾಯಿತು.

ನಾನು ಎದ್ದು ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು. ನಗಬೇಡಿ. ಬಿರುಗಾಳಿಯಲ್ಲಿ ಬೋಟು ತಿರುಗಿಸಿ ತಂದವನು ನಾನು, ಆಗ ಹೀಗಾಗಿರಲಿಲ್ಲ. ಎಷ್ಟು ದಿನ ಆ ಒಣಗಿದ ಬೆರಳಿನಿಂದ ಒತ್ತಿ ಒತ್ತಿ ಕಟ್ಟಿದ ಊರು. ಪ್ಲಗ್ಗಿಗೆ ಕೈ ಹಾಕಿದೆ.

ಮಾಸ್ತರ್ರು ಹೆದರಿ ಕೂಗಿಯಾರು ಎಂದುಕೊಂಡಿದ್ದೆ. ಹಲ್ಲಿ ಬಿದ್ದರೆ ಕುರ್ಚಿ ಬಿಟ್ಟು ಏಳುವವರು. ಅವರು ಝೆರಾಕ್ಸ್ ಯಂತ್ರದ ಮುಚ್ಚಳ ಹಾಕಿ, ಸ್ಟೂಲೊಂದನ್ನು ಎಳೆದುಕೊಂಡು ನನ್ನ ಪಕ್ಕ ಬಂದು ಕೂತರು. ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಅಷ್ಟು ತಣ್ಣಗಿನ ಮುಖ ನಾನು ಅವರದ್ದು ಅದೇ ಮೊದಲು ನೋಡಿದ್ದು.

“ಬಂತಲ್ಲ. ಇನ್ನು ಕೂತ್ಕೊ, ಕೆಲ್ಸ ಅದೆ.”

“ಕೆಲ್ಸ ಎಂತದು? ಎಲ್ಲ ಹೋಯ್ತು. ಹಿಂದಿನದು ಸೇವ್ ಇರ್ಬೇಕಲ್ಲ, ಅದನ್ನ ತೆಗೀರಿ.” ಅವರು ಪ್ರತಿ ಸರದಿಗೂ ಸೇವ್ ಮಾಡಿಸುತ್ತಿದ್ದರು.

“ಅದು ಕರೆಂಟ್ ಹೋದ್ರೆ ಅಂತ ಇಟ್ಟದ್ದು. ಊರು ಹೋದ್ರೆ ಅಂತಲ್ಲ. ನಿಮ್ಮ ಬಲೆ ಹರದ್ರೆ ನಿನ್ನೆಗೆ ಹೋಗಿ ಬರ್ತ್ರಾ ನೀವು?”

ನಾನು ಪ್ಲಗ್ಗಿನಿಂದ ಕೈ ತೆಗೆದೆ.

“ಹೋದದ್ದು ಹೇಳ್ಬೇಡ. ಇದ್ದದ್ದು ಹೇಳು. ಎಣಿಸು.”

“ಹಡಗು ಅವೆ. ಸೈನ್ಯ ಹಡಗಲ್ಲೇ ಅದೆ. ದೇವಬಾಗ ಅದೆ. ನಿಮ್ಮ ಆಡಿನೂರು ಅದೆ. ರಾಜಧಾನಿ ಇಲ್ಲ.”

“ಇಲ್ಲದ್ದು ಹೇಳ್ಬೇಡ ಅಂದೆನಲ್ಲ. ರಾಜಧಾನಿನೂ ಅದೆ, ನೋಡು.”

ನೋಡಿದೆ. ಬೈತಖೋಲದ ಹೆಸರಿನ ಪಕ್ಕ ಇರುತ್ತಿದ್ದ ನಕ್ಷತ್ರ ಶೆಟಗೇರಿಯ ಪಕ್ಕಕ್ಕೆ ಬಂದಿತ್ತು. ಆಟವೇ ಅರಮನೆಯನ್ನೆತ್ತಿ ಅಲ್ಲಿ ಇಟ್ಟಿತ್ತು. ಮಾಸ್ತರ್ರು ಪರದೆಗೆ ಮುಖ ಹಚ್ಚಿ ನೋಡಿದರು, ನಕ್ಕರು. ಅವರ ನಗು ಕೇಳಿ ಕೆಳಗಿನ ಟೇಲರ್ ಹೊಲಿಗೆ ನಿಲ್ಲಿಸಿದ.

“ನಮ್ಮೂರಿಗೆ ಬಸ್ಸೇ ಸರಿ ಬರೋದಿಲ್ಲ, ರಾಜಧಾನಿ ಬಂತಲ್ಲೋ ತಾಂಡೇಲಾ.”

ನನಗೆ ಹಡಗು ತಿರುಗಿಸಿ ನೇರ ಬೈತಖೋಲದ ಮೇಲೆ ಬೀಳಬೇಕಿತ್ತು. ಬೇಡ ಎಂದರು. “ಈಗ ಅವ್ರು ಗೋಡೆ ಮೇಲೇ ಕೂತಿರ್ತ್ರು, ನೀ ಬರೋದನ್ನೇ ನೋಡ್ತಾ. ಮೊದ್ಲು ದೇವಬಾಗಕ್ಕೆ ಬಾ. ಇದ್ದವ್ರು ಉಣ್ಲಿ. ಕೆಂಪು ರಾಜಂಗೆ ಏನಾದ್ರೂ ಕೊಟ್ಟು ಕೈಮುಗ್ದು ಸಂಧಿ ಮಾಡ್ಕೊ.”

“ನಾ ಯಾರ ಮುಂದೂ ಕೈ ಮುಗ್ದವ ಅಲ್ಲ ಮಾಸ್ತರ್ರೆ.”

“ಮುಗೀಲಿಕ್ಕೆ ನಿನ್ ಕೈ ಎಲ್ಲಿ ಬರ್ತದೆ, ಬೆರಳು ಒಂದೊಂದು ದಿಕ್ಕಿಗೆ ಅವೆ.”

ಬೇರೆ ಯಾರಾದರೂ ಅಂದಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಅವರಂದದ್ದಕ್ಕೆ ನಗು ಬಂತು. ಸಂಧಿ ಮಾಡಿಕೊಂಡೆ. ಕೆಂಪು ರಾಜನಿಗೆ ಕುದುರೆ ಸಾಕುವ ಹುಲ್ಲುಗಾವಲೊಂದನ್ನು ಬಿಟ್ಟುಕೊಟ್ಟೆ. ಆಮೇಲಿನ ದಿನಗಳಲ್ಲಿ ಯುದ್ಧವಿಲ್ಲ, ಏನಿಲ್ಲ. ಶೆಟಗೇರಿಗೆ ನೀರಿನ ಕಾಲುವೆ, ಉಗ್ರಾಣ, ಸುತ್ತ ಗೋಡೆ. ಬೆನ್ನಿನ ಗುಡ್ಡದ ತುದಿಗೆ ಕಾವಲಿಗೆ ಇಬ್ಬರು. ಒಂದು ಕಲ್ಲಿಗೆ ಒಂದು ಒತ್ತು. ಊರು ಕಟ್ಟುವುದರಲ್ಲಿ ಇಷ್ಟು ಬೇಸರದ ಕೆಲಸವಿದೆಯೆಂದು ಗೆಲ್ಲುತ್ತಿದ್ದಾಗ ಗೊತ್ತಾಗಿರಲಿಲ್ಲ. ಒಂದು ದಿನ ಒತ್ತುವಾಗ ಮಣಿಕಟ್ಟು ಮೇಜಿನ ಮೇಲೇ ಇತ್ತು, ತೋರುಬೆರಳು ತಾನಾಗಿ ಬಾಗಿ ಒತ್ತಿತ್ತು. ಮಾಸ್ತರ್ರು ನೋಡಿದರು, ಏನೂ ಹೇಳಲಿಲ್ಲ. ಹೇಳಿದರೆ ನಿಂತೀತೆಂದು ಹೆದರಿರಬೇಕು.

ಮರುದಿನ ಚೀಲದಲ್ಲಿ ಮನೆಯ ಹಿತ್ತಲಿನ ತೆಂಗಿನಕಾಯಿ ತಂದು ಮೌಸಿನ ಪಕ್ಕ ಇಟ್ಟರು. “ಚೆಂಡು ಹಿಡೀಲಿಕ್ಕೆ ನಿಂಗೆ ಮನಸ್ಸಿಲ್ಲ. ಇದನ್ನ ಹಿಡಿ.” ಸರದಿಗೊಮ್ಮೆ ಎತ್ತಬೇಕು. ಎತ್ತುತ್ತಿದ್ದೆ, ಬೀಳುತ್ತಿತ್ತು. ಬಿದ್ದಾಗಲೆಲ್ಲ ಮಾಸ್ತರ್ರು ಬೆಚ್ಚುತ್ತಿದ್ದರು. ಟೇಲರ್ ಗಜಕೋಲಿನಿಂದ ಕೆಳಗಿನಿಂದಲೇ ತನ್ನ ಅಂಗಡಿಯ ಚಾವಣಿಗೆ ಕುಟ್ಟಿ, “ಮಾಸ್ತರ್ರೆ, ಮೇಲೆ ತೋಟ ಮಾಡೀರಾ?” ಎನ್ನುತ್ತಿದ್ದ. ಹುಣ್ಣಿಮೆ ಹತ್ತಿರ ಬಂದ ಹಾಗೆ ನನಗೆ ಊಟ ಸೇರಲಿಲ್ಲ. ಬೈತಖೋಲದಲ್ಲಿ ಬೋಟುಗಳಿಗೆ ಬಣ್ಣ ಹಚ್ಚುವ ವಾಸನೆ ಮನೆಯವರೆಗೆ ಬರುತ್ತಿತ್ತು. ಸುರುವಿನಲ್ಲಿ ಎತ್ತಿದ ಕೂಡಲೇ ಬೀಳುತ್ತಿದ್ದ ಕಾಯಿ ಆಮೇಲಾಮೇಲೆ ಒಂದು ಗುಟುಕು ಚಾ ಕುಡಿಯುವಷ್ಟು ಹೊತ್ತು ನಿಲ್ಲುತ್ತಿತ್ತು. ಆಗಬಹುದು ಎನಿಸುತ್ತಿತ್ತು. ಆಗಲಿಕ್ಕಿಲ್ಲ ಎಂದೂ ಎನಿಸುತ್ತಿತ್ತು. ಮಾಸ್ತರ್ರು ನನಗಿಂತ ಹೆಚ್ಚು ಒಣಗಿದ್ದರು. “ನಿನ್ನ ಬೋಟಲ್ಲಿ ಕಾಲಿಗೆ ಜಾರ್ತದಾ? ಅಲ್ಲಿ ಹಿಡ್ಕೊಳ್ಳಿಕ್ಕೆ ಎಂತಾದ್ರೂ ಅದೆಯಾ? ಕಾಯಿ ಒದ್ದೆ ಇರ್ತದಾ?” ದಿನಾ ಇದೇ ಪ್ರಶ್ನೆ.

ಹುಣ್ಣಿಮೆಯ ದಿನ ಕಾಯಿ ಒದ್ದೆಯಿತ್ತು. ಅದನ್ನು ನಾನು ಎಣಿಸಿರಲಿಲ್ಲ. ಪೂಜೆಯ ನೀರು ಚಿಮುಕಿಸಿ, ಅರಿಶಿನ ಕುಂಕುಮ ಹಚ್ಚಿ ಕೈಗೆ ಕೊಟ್ಟರು. ಬೋಟಿನ ಮೂತಿಯಲ್ಲಿ ನಿಂತೆ. ಕೈ ಮುಂದೆ ಚಾಚುವ ಮೊದಲೇ ಕಾಯಿ ಜಾರಿ, ಹಲಗೆಯ ಮೇಲೆ ಬಿದ್ದು, ಉರುಳಿ, ಖಲಾಸಿಗಳ ಕಾಲ ಹತ್ತಿರ ಹೋಗಿ ನಿಂತಿತು. ಮಾಲಕರು ಬಗ್ಗಿ ಕಾಯಿ ಎತ್ತಿದರು, ಒರೆಸಿದರು, ನನ್ನ ಕೈಕೆಳಗೆ ಕಲಿತ ಹುಡುಗನಿಗೆ ಕೊಟ್ಟರು. ಅವನು ನನ್ನ ಮುಖ ನೋಡದೆ ಅದನ್ನು ಕಡಲಿಗೆ ಬಿಟ್ಟ. ಸಂಜೆ ಬೋಟು ಹೋಯಿತು. ನಾನು ಹಡಗುಕಟ್ಟೆಯ ಮೇಲಿದ್ದೆ.

ಎರಡು ದಿನ ಬಿಟ್ಟು ಅಂಗಡಿಗೆ ಹೋದೆ. ಮೆಟ್ಟಿಲಲ್ಲೇ ಅವರಿಗೆ ತಿಳಿಯಿತು.

“ಬಾ ತಾಂಡೇಲಾ.”

“ಬೋಟು ಹೋಯ್ತು. ಇನ್ನೂ ತಾಂಡೇಲ ಅಂತ ಎಂತಕ್ಕೆ ಕರೀತ್ರಿ?”

“ಬೋಟಿಗೆ ಕರೀತಾ ಇದ್ನೇನು ನಾನು?” ಸ್ಟೂಲು ಎಳೆದರು. ಮುಖ ಮತ್ತೆ ತಣ್ಣಗಾಗಿತ್ತು, ಕೆಂಪು ಕುದುರೆ ಇಳಿದ ದಿನದ ಹಾಗೆ. “ಬಂತಲ್ಲ. ಇದ್ದದ್ದು ಹೇಳು.”

ನನಗೆ ಸಿಟ್ಟು ನೆತ್ತಿಗೇರಿತು. “ಇದು ಆಟ ಅಲ್ಲ ಮಾಸ್ತರ್ರೆ.”

“ಅಲ್ಲ. ಆಟದಲ್ಲಿ ನಿಂಗೆ ಎರಡೇ ಊರು ಉಳದಿತ್ತು. ಇಲ್ಲಿ ಜಾಸ್ತಿ ಅದೆ. ಹೇಳು.”

ಎದ್ದು ಬಂದುಬಿಟ್ಟೆ. ಬಹಳ ದಿನ ಆ ಕಡೆ ಹೋಗಲಿಲ್ಲ. ಮನೆಯಲ್ಲಿ ಜಗಲಿಯ ಮೇಲೆ ಕೂತು, ಬಂದರಿನಿಂದ ಬರುವ ಬೋಟುಗಳ ಎಂಜಿನ್ ಸದ್ದು ಕೇಳುತ್ತಿದ್ದೆ. ನಮ್ಮ ಬೋಟಿನ ಸದ್ದು ಬೇರೆ ತಿಳಿಯುತ್ತಿತ್ತು. ಹುಡುಗ ಎಂಜಿನ್ನನ್ನು ಹೆಚ್ಚು ಓಡಿಸುತ್ತಿದ್ದಾನೆ ಎಂದು ಅದರಲ್ಲೇ ಗೊತ್ತಾಗುತ್ತಿತ್ತು. ಅದನ್ನು ಹೆಂಡತಿಗೆ ಹೇಳಿದೆ. ಮನೆಯಲ್ಲಿ ನಮ್ಮದು ಕೊಂಕಣಿ. ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ಬಂಗಡೆ ಕೊಯ್ಯುತ್ತಿದ್ದವಳು ತಲೆ ಎತ್ತದೆ ಅಂದಳು, “ಬೇರೆಯವ್ರ ಎಂಜಿನ್ ಇಲ್ಲಿಂದ ಕೇಳ್ತದೆ. ನಮ್ಮಣ್ಣನ ದೋಣಿ ದೇವಬಾಗದಲ್ಲಿ ಕವಚಿ ಬಿದ್ದದೆ, ಅದು ಕೇಳೋದಿಲ್ಲ. ನಡೆಸೋರಿಲ್ಲ ಅಂತ ಅದ್ರ ಮೇಲೆ ಬಟ್ಟೆ ಒಣಗಿಸ್ತಾ ಇದ್ರು.”

ಅವಳಣ್ಣನದು ಪಾತಿ ದೋಣಿ. ಹಿಂಬದಿಗೆ ಸಣ್ಣ ಎಂಜಿನ್ ಕಟ್ಟಿಕೊಂಡು ದಡದ ಹತ್ತಿರವೇ ಬಲೆ ಬಿಡುವ ಚಿಕ್ಕ ದೋಣಿ. ಟ್ರಾಲರ್ ನಡೆಸಿದವನು ಪಾತಿ ದೋಣಿಗೆ ಕೂರುವುದೆಂದರೆ ಬೈತಖೋಲದಲ್ಲಿ ನಾಲ್ಕು ಜನ ಮಾತಾಡುತ್ತಾರೆ. ಆ ನಾಲ್ಕು ಜನ ಏನೆಂದಾರು ಎಂದು ಹಾಸಿಗೆಯಲ್ಲಿ ಹೊರಳಾಡಿದೆ. ಅವರು ಅನ್ನಬಹುದಾದ ಮಾತೆಲ್ಲ ನಾನೇ ಅಂದುಕೊಂಡು ಮುಗಿಸಿದ ಮೇಲೆ ದೇವಬಾಗಕ್ಕೆ ಹೋದೆ. ಎಂಜಿನ್ನಿನ ಹಿಡಿಗೆ ಎಡಗೈ ಸಾಕು. ಬಲೆ ಬಿಡಲು ಭಾವ ಇದ್ದ. ಮತ್ತೆ, ನದಿಯ ಬಾಯಿಯಲ್ಲಿ ಯಾವ ಮರಳ ದಿಬ್ಬ ಯಾವ ಮಳೆಗೆ ಎಲ್ಲಿಗೆ ಸರಿಯುತ್ತದೆ ಎಂಬುದು ನನ್ನ ತಲೆಯಲ್ಲಿತ್ತು. ವಿಂಚಿನ ಹಗ್ಗಕ್ಕೆ ಅದು ಸಿಕ್ಕಿರಲಿಲ್ಲ.

ಮೊದಲ ಒಳ್ಳೆಯ ಮೀನು ಬಂದ ದಿನ ಅಂಗಡಿಗೆ ಹೋದೆ. ತಾರ್ಲೆಯಲ್ಲ, ಮುಳ್ಳು ಕಡಿಮೆಯಿರುವ ಇಸ್ವಾಣ. ಮಾಸ್ತರ್ರು ಮೀನು ತೆಗೆದುಕೊಂಡರು, ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಕಂಪ್ಯೂಟರ್ ಹಾಕಿದರು. ಶೆಟಗೇರಿ ಹಾಗೇ ಇತ್ತು, ನನ್ನ ಸರದಿಗೆ ಕಾಯುತ್ತ.

ಮುಂದಿನ ವರ್ಷದ ಹುಣ್ಣಿಮೆಗೆ ದೇವಬಾಗಕ್ಕೆ ಬರಬೇಕೆಂದು ಅವರನ್ನು ಕರೆದೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಕಾಳಿ ನದಿಯ ಸೇತುವೆ ದಾಟಬೇಕಲ್ಲ. ಬಂದರು. ಪ್ಯಾಂಟು ಮೊಣಕಾಲವರೆಗೆ ಮಡಚಿ, ನೀರಿನಿಂದ ಬಹಳ ದೂರ, ಗಾಳಿಮರದ ಹತ್ತಿರ ನಿಂತರು. ದೋಣಿ ಹತ್ತಿ ಎಂದು ಭಾವ ಕರೆದ. ತಲೆಯಲ್ಲಾಡಿಸಿದರು. ಭಾವ ಕಾಯಿ ತಂದು ಕೊಟ್ಟ. ಅದು ಒದ್ದೆಯಿತ್ತು. ನಾನು ಬಲಗೈಯಲ್ಲಿ ಹಿಡಿದು ನಿಂತೆ. ಅದು ಮತ್ತೆ ಜಾರತೊಡಗಿತು. ಹಿಂದಿನಿಂದ ಮಾಸ್ತರ್ರ ಧ್ವನಿ ಬಂತು, “ಎರಡೂ ಕೈ ಹಾಕು ಮಾರಾಯಾ. ಕಡಲೇನು ಬೇಡ ಅಂತದಾ?”

ಎರಡು ಕೈ ಹಾಕಿದೆ. ನೀರು ಸೊಂಟಕ್ಕೆ ಬರುವವರೆಗೆ ಹೋಗಿ ಬಿಟ್ಟೆ. ಕಾಯಿ ಮುಳುಗಿ, ಎದ್ದು, ತೇಲಿ ಹೋಯಿತು. ಅವರು ನೋಡಿದರೋ ಎಂದು ತಿರುಗಿದೆ. ಮಾಸ್ತರ್ರು ಕಡಲಿಗೆ ಬೆನ್ನು ಹಾಕಿ ನಿಂತಿದ್ದರು, ಎರಡೂ ಕೊಡೆ ಕಂಕುಳಲ್ಲಿ, ದೂರದ ಗುಡ್ಡದ ಕಡೆ ಮುಖ ಮಾಡಿ.

“ಎಂತ ಮಾಸ್ತರ್ರೆ, ನೋಡ್ಲೇ ಇಲ್ಲ?”

“ನೀವೆಲ್ಲ ಆ ಕಡೆ ನೋಡ್ತಾ ಇದ್ರಿ. ಈ ಕಡೆ ಯಾರಾದ್ರೂ ನೋಡ್ಬೇಕಲ್ಲ.”

ಆಮೇಲೆ ಕೆಲವು ವರ್ಷ ಹೀಗೇ ನಡೆಯಿತು. ಆಟದಲ್ಲಿ ಊರು ಹೆಚ್ಚಿದವು. ಬೈತಖೋಲವನ್ನು ತಿರುಗಿ ತೆಗೆದುಕೊಳ್ಳುವಷ್ಟು ಬಲ ಬಂತು. “ಹೋಗ್ತ್ಯಾ?” ಎಂದು ಕೇಳಿದರು. ಹೋದರೆ ಶೆಟಗೇರಿಯಲ್ಲಿ ಎಷ್ಟು ಜನ ಉಳಿಯುತ್ತಾರೆಂದು ಲೆಕ್ಕ ಹಾಕಿ, “ನೋಡ್ವಾ” ಎಂದೆ. ಅವರಿಗೆ ಸಮಾಧಾನವಾಯಿತು.

ಅವರ ಎದೆನೋವು ಗ್ಯಾಸೆಂದು ಎಲ್ಲರೂ ಅಂದುಕೊಂಡೆವು. ಅವರು ವರ್ಷವಿಡೀ ಒಂದಲ್ಲ ಒಂದು ರೋಗದ ಹೆಸರು ಹೇಳುವವರು, ಯಾರು ನಂಬಬೇಕು? ಈ ಸಲ ಅದು ನಿಜವಾದದ್ದೇ ಬಂದಿತ್ತು. ಗೋವಾದ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋಗುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಕೊಡೆ ನೋಡಿದರೆ ಗುಡುಗು ಎನ್ನುವ ಮನುಷ್ಯ, ಆಸ್ಪತ್ರೆಯ ನಳಿಗೆಗಳ ನಡುವೆ ಹೇಗಿರುತ್ತಾರೋ ಎಂದು. ವಾರ್ಡಿನ ಬಾಗಿಲಲ್ಲಿ ಅವರ ಹೆಂಡತಿ ಸಿಕ್ಕಿದರು. ನಾನು ಅಕ್ಕ ಎನ್ನುತ್ತೇನೆ.

“ಮಲಗ್ಯಾರೆ” ಎಂದರು ಅಕ್ಕ. “ಮದ್ವೆ ಆದಾಗಿನಿಂದ ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿದ್ದಿಲ್ಲ ತಮಾ. ಇಲ್ಲಿ ಬಂದು ಗೊರಕೆ ಹೊಡೀತ್ರು.”

ಎಚ್ಚರವಾದಾಗ ನನ್ನನ್ನು ನೋಡಿ ಸ್ಟೂಲಿನ ಕಡೆ ಕಣ್ಣು ತೋರಿಸಿದರು. ಕೂತೆ. ಅದೇ ತಣ್ಣಗಿನ ಮುಖ.

“ಹೆದ್ರಿಕೆ ಆಗ್ತದಾ ಮಾಸ್ತರ್ರೆ?”

“ಮೊದ್ಲೆಲ್ಲ ಆಗ್ತಿತ್ತು. ಈಗ ಬಂತಲ್ಲ.” ಉಸಿರು ತೆಗೆದುಕೊಂಡರು. “ಶೆಟಗೇರಿ ಹೇಗದೆ?”

“ಎರಡನೇ ಗೋಡೆ ಆಯ್ತು.”

“ಬೆನ್ನಿಗೆ?”

“ಇಬ್ರು ಅವ್ರೆ. ಮೂರನೆಯವನ್ನ ಇಡ್ತೆ.”

“ಇಡು” ಎಂದರು. ಮತ್ತೆ ಕಣ್ಣು ಮುಚ್ಚಿದರು. ಹೋಗುವಾಗ ಬಾಗಿಲ ಚಿಲಕವನ್ನು ಒಮ್ಮೆ ಜಗ್ಗಿ ನೋಡಿ ಬಂದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಅಂಗಡಿ ಬಿಟ್ಟುಕೊಡುವಾಗ ಅಕ್ಕ ಆ ಕಂಪ್ಯೂಟರನ್ನು ನನಗೇ ಕೊಟ್ಟರು. ಮೊದಲ ದಿನ ಹಾಕಲು ಧೈರ್ಯವಾಗಲಿಲ್ಲ. ಮಗಳು ಹಾಕಿದಳು. ಮೌಸನ್ನು ಅವಳು ಎಡಕ್ಕೆ ಇಟ್ಟಿದ್ದಳು, ನಾನು ಬಲಕ್ಕೆ ಇಟ್ಟೆ. ಕೆಲಸವಿಲ್ಲದ ಹೊತ್ತಿಗೆ ಒಂದೆರಡು ಸರದಿ ಆಡುತ್ತೇನೆ. ಗುಡ್ಡದಾಚೆ ಇನ್ನೂ ಸ್ವಲ್ಪ ಕಪ್ಪು ಉಳಿದಿದೆ. ಅದನ್ನು ನೋಡಿದಾಗ ಈಗ ನಾನೂ ಕಾವಲಿನವರನ್ನು ಇನ್ನೊಮ್ಮೆ ಎಣಿಸುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಆಟದಲ್ಲಿ ಊರು ಆರು, ರಾಜಧಾನಿ ಶೆಟಗೇರಿ. ಹಡಗು ಒಂಬತ್ತು, ಅದರಲ್ಲಿ ಎರಡು ಯಾವಾಗಲೂ ಬಂದರಿನಲ್ಲೇ. ಗುಡ್ಡದ ಮೇಲೆ ಕಾವಲಿಗೆ ಮೂವರು. ಆಟದ ಹೊರಗೆ, ಭಾವನ ಜೊತೆ ಪಾಲಿನಲ್ಲಿ ಪಾತಿ ದೋಣಿ ಒಂದು, ಎಂಜಿನ್ ಒಂದು, ಬಲೆ ಮೂರು. ಹೆಂಡತಿ, ಮಗಳು. ಬಲಗೈಯಲ್ಲಿ ಪೂರಾ ಮಡಚುವ ಬೆರಳು ಮೂರು, ಅರ್ಧ ಮಡಚುವುದು ಒಂದು, ನೆಟ್ಟಗೆ ನಿಂತದ್ದು ಒಂದು. ಅಕ್ಕ ಕೊಟ್ಟ ಮಾಸ್ತರ್ರ ಕೊಡೆ ಎರಡು. ಶೆಟಗೇರಿಯ ತೆಂಗಿನಕಾಯಿ ಒಂದು. ನೀರು ಆರಿದೆ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಕಡಕಡ ಎನ್ನುತ್ತದೆ. ಇಲ್ಲದ್ದನ್ನು ಎಣಿಸಬಾರದೆಂದು ಹೇಳಿದ್ದಾರೆ, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.